ಚಂದ್ರ ಕಾಣದ ಮಳೆಗಾಲದಲ್ಲಿ ಸಂಕಷ್ಟಿ

ಆಷಾಢ ಹಿಡಿಯಿತೆಂದರೆ ತೀರ್ಥಹಳ್ಳಿ, ಹೊಸನಗರದ ಕಡೆ ಗಣಪತಿಯ ಸಂಕಷ್ಟಿ ವ್ರತದ ರಾತ್ರಿ ಚಂದ್ರ ಕಾಣುವುದೇ ಅಪರೂಪ. ಹಗಲೆಲ್ಲ ಉಪವಾಸವಿದ್ದು, ಚಂದ್ರನನ್ನು ನೋಡಿಯೇ ಊಟ ಎಂದು ಹನ್ನೊಂದರವರೆಗೆ ಜಗಲಿಗೂ ಅಂಗಳಕ್ಕೂ ಓಡಾಡಿ, ಮರುದಿನ ಹೊಟ್ಟೆಯುರಿ, ತಲೆನೋವೆಂದು ಮಲಗುವುದು ಬೇಡ. ಪಂಚಾಂಗದ ಚಂದ್ರೋದಯದ ಹೊತ್ತು ದಾಟಿದ ಮೇಲೆ ಮೂಡಣಕ್ಕೆ ಮುಖ ಮಾಡಿ ಅರ್ಘ್ಯ ಬಿಟ್ಟರೆ ವ್ರತಕ್ಕೆ ಕುಂದಿಲ್ಲ. ಮೋಡ ಇಲ್ಲದಿದ್ದರೂ ಎದುರಿಗೆ ಗುಡ್ಡ, ಅಡಿಕೆ ತೋಟ ಇರುವ ಮನೆಗಳಲ್ಲಿ ಚಂದ್ರ ಮೇಲೆ ಬಂದು ಕಾಣಲು ಇನ್ನೂ ಅರ್ಧ ಮುಕ್ಕಾಲು ಗಂಟೆ ಬೇಕಾಗುತ್ತದೆ. ಅದಕ್ಕೂ ಕಾಯಬೇಕಿಲ್ಲ.

ಹೊತ್ತು ನೋಡುವಾಗ ಕ್ಯಾಲೆಂಡರ್ ಯಾವ ಊರಿನ ಲೆಕ್ಕದ್ದು ಎಂದು ಗಮನಿಸಿ. ಬೆಂಗಳೂರಿನ ಲೆಕ್ಕವಾದರೆ ಶಿವಮೊಗ್ಗಕ್ಕೆ ಸುಮಾರು ಎಂಟು ನಿಮಿಷ, ಸಾಗರಕ್ಕೆ ಹತ್ತು ನಿಮಿಷ ಕೂಡಿಸಿಕೊಳ್ಳಬೇಕು. ನಾವು ಪಡುವಣಕ್ಕಿರುವುದರಿಂದ ನಮ್ಮಲ್ಲಿ ಉದಯ ತಡ. ಹುಣ್ಣಿಮೆ ಕಳೆದ ಮೇಲೆ ಬರುವ ಚೌತಿ ಚಂದ್ರೋದಯದ ಹೊತ್ತಿಗೆ ಯಾವ ದಿನ ಇರುತ್ತದೋ ಆ ದಿನವೇ ಸಂಕಷ್ಟಿ. ಬೆಳಿಗ್ಗೆ ತದಿಗೆ ಇದೆಯಲ್ಲ ಎಂದು ಹೊಸಬರು ಗೊಂದಲಪಟ್ಟು ಮರುದಿನ ಹಿಡಿಯುವುದುಂಟು. ಮಂಗಳವಾರ ಬಿದ್ದರೆ ಅಂಗಾರಕ ಸಂಕಷ್ಟಿ. ಸಾಗರದವರು ಘಟ್ಟ ಇಳಿದು ಇಡಗುಂಜಿಯ ಗಣಪತಿ ದೇವಸ್ಥಾನಕ್ಕೆ ಹೋಗುವುದಾದರೆ ಅಂದಿನ ಜನಜಂಗುಳಿ ನೆನಪಿನಲ್ಲಿರಲಿ.

ಗರಿಕೆಯನ್ನು ಕತ್ತಲಾಗುವ ಮೊದಲೇ ಕಿತ್ತು ತನ್ನಿ. ಮಳೆಗಾಲದಲ್ಲಿ ಗರಿಕೆಗೆ ಬರವಿಲ್ಲ, ಆದರೆ ಕೊಳೆರೋಗಕ್ಕೆ ಅಡಿಕೆಗೆ ಮೈಲುತುತ್ತ-ಸುಣ್ಣ ಹೊಡೆದ ತೋಟದ ಗರಿಕೆ ಬೇಡವೇ ಬೇಡ. ಎಲೆಯ ಮೇಲೆ ನೀಲಿ-ಬಿಳಿ ಕಲೆ ಕಂಡರೆ ಅದೇ. ಅಂಗಳದ ಅಂಚು, ಬಾವಿಕಟ್ಟೆಯ ಬದಿ ಒಳ್ಳೆಯದು. ಮೂರು ಅಥವಾ ಐದು ಎಸಳಿನ ಚಿಗುರು ಇಪ್ಪತ್ತೊಂದು ಆರಿಸಿ, ಇಂಬಳ (ಜಿಗಣೆ) ಹತ್ತಿ ಬಂದಿದೆಯೇ ನೋಡಿ, ತೊಳೆದು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟರೆ ರಾತ್ರಿಯವರೆಗೂ ಬಾಡದು. ಜೊತೆಗೆ ಕೆಂಪು ದಾಸವಾಳ. ತುಳಸಿ ಗಣಪತಿಗೆ ಏರಿಸುವ ಪದ್ಧತಿಯಿಲ್ಲ.

ಹಗಲಿನ ಉಪವಾಸ ಕೆಡುವುದು ಹಸಿವಿನಿಂದಲ್ಲ, ನೀರು ಕುಡಿಯದೆ. ಚಳಿಗೆ ಬಾಯಾರಿಕೆ ಗೊತ್ತಾಗುವುದಿಲ್ಲ, ಸಂಜೆ ತಲೆ ಸಿಡಿಯುತ್ತದೆ. ಗಂಟೆಗೊಂದು ಲೋಟ ಬಿಸಿನೀರು ಅಥವಾ ಕೊತ್ತಂಬರಿ-ಜೀರಿಗೆ ಕಷಾಯ ಹೊಟ್ಟೆಗೆ ಹೋಗಲಿ. ದಿನಾ ಕಾಫಿ ಕುಡಿಯುವವರು ಅಂದು ಪೂರ್ತಿ ಬಿಟ್ಟರೂ ತಲೆನೋವೇ. ಬೆಳಿಗ್ಗೆ ಒಂದು ಲೋಟ, ಹಾಲು ಹೆಚ್ಚು ಹಾಕಿ, ಸಾಕು. ಖಾಲಿ ಹೊಟ್ಟೆಗೆ ಮೂರು ನಾಲ್ಕು ಸಲ ಕುಡಿದರೆ ಹುಳಿತೇಗು ಖಂಡಿತ. ಮಧ್ಯಾಹ್ನಕ್ಕೆ ಬಾಳೆಹಣ್ಣು, ಹಾಲು, ಬೇಯಿಸಿದ ಗೆಣಸು. ಅವಲಕ್ಕಿ ಕೆಲವು ಮನೆಗಳಲ್ಲಿ ನಡೆಯುತ್ತದೆ, ಕೆಲವರಲ್ಲಿ ಅಕ್ಕಿಯದೆಂದು ಇಲ್ಲ. ನಿಮ್ಮ ಮನೆಯ ಹಿರಿಯರ ಪದ್ಧತಿಯಂತೆ ಮಾಡಿ.

ನೈವೇದ್ಯಕ್ಕೆ ಈ ತಿಂಗಳುಗಳಲ್ಲಿ ಅರಿಶಿನ ಎಲೆ ಕಡುಬಿಗಿಂತ ಒಳ್ಳೆಯದು ಇಲ್ಲ, ಎಲೆ ಸಿಗುವುದೇ ಈಗ. ಎರಡು ಲೋಟ ದೋಸೆ ಅಕ್ಕಿಯನ್ನು ಮಧ್ಯಾಹ್ನ ಹನ್ನೆರಡಕ್ಕೆ ನೆನೆಹಾಕಿ ಮೂರಕ್ಕೆಲ್ಲ ರುಬ್ಬಿಬಿಡಿ. ಸಂಜೆಯ ಗಾಳಿಮಳೆಗೆ ಕರೆಂಟು ಹೋದರೆ ಅಕ್ಕಿ ನೆನೆದದ್ದು ನೆನೆದಂತೆಯೇ ಉಳಿಯುತ್ತದೆ. ಈ ಚಳಿಗೆ ಹಿಟ್ಟು ರಾತ್ರಿಯೊಳಗೆ ಹುಳಿಯುವ ಭಯವೂ ಇಲ್ಲ. ನೀರು ಕಡಿಮೆ ಹಾಕಿ, ಚಿಟಿಕೆ ಉಪ್ಪು ಸೇರಿಸಿ ನುಣ್ಣಗೆ ರುಬ್ಬಬೇಕು. ಕೈಯಲ್ಲಿ ಎಲೆಗೆ ಸವರಿದರೆ ನಿಲ್ಲುವಷ್ಟು ಗಟ್ಟಿ ಇರಲಿ. ತೆಳುವಾದರೆ ಹೂರಣ ಹೊರಗೆ ಹರಿಯುತ್ತದೆ, ತರಿ ಉಳಿದರೆ ಬೆಂದ ಮೇಲೆ ಬಿರುಕು ಬಿಡುತ್ತದೆ.

ಹೂರಣಕ್ಕೆ ಒಂದು ದೊಡ್ಡ ಕಾಯಿಯ ತುರಿಗೆ ಅದರ ಮುಕ್ಕಾಲು ಪಾಲು ಬೆಲ್ಲ, ನಾಲ್ಕು ಏಲಕ್ಕಿ. ಜೋನಿಬೆಲ್ಲ (ನೀರಾದ ಬೆಲ್ಲ) ಬಳಸುವವರು ತುರಿಯನ್ನು ಒಟ್ಟಿಗೇ ಹಾಕಬೇಡಿ. ಮೊದಲು ಬೆಲ್ಲವನ್ನೊಂದೇ ಕುದಿಸಿ, ಬೆರಳಿಗೆ ಎಳೆ ಬಂದ ಮೇಲೆ ತುರಿ ಹಾಕಿ. ಇಲ್ಲದಿದ್ದರೆ ಎಷ್ಟು ಮಗುಚಿದರೂ ನೀರೇ. ಬಾಣಲೆಯ ತಳ ಬಿಡುತ್ತಿದ್ದಂತೆ ಇಳಿಸಿ, ಇನ್ನೂ ಕಾಯಿಸಿದರೆ ಆರಿದಾಗ ಕಲ್ಲಿನಂತಾಗುತ್ತದೆ. ಎಲೆಯ ಒಳಮೈಗೆ ಹಿಟ್ಟು ಸವರಿ, ನಡುವಿನ ನರದ ಒಂದು ಬದಿಗೆ ಮಾತ್ರ ಹೂರಣ ಇಟ್ಟು, ನರದ ಗುಂಟ ಉದ್ದಕ್ಕೆ ಮಡಚಿ ಅಂಚು ಒತ್ತಿ. ಇಡ್ಲಿ ಪಾತ್ರೆಯಲ್ಲಿ ಹಬೆ ಎದ್ದ ಮೇಲೆಯೇ ಇಟ್ಟು ಇಪ್ಪತ್ತು ನಿಮಿಷ ಬೇಯಿಸಿ. ಒಂದರ ಮೇಲೊಂದು ಪೇರಿಸಿದರೆ ನಡುವಿನದು ಬೇಯುವುದಿಲ್ಲ. ಓರೆಯಾಗಿ ಒರಗಿಸಿಡಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ. ಇಪ್ಪತ್ತೊಂದೂ ಕಡುಬೇ ಆಗಬೇಕೆಂದು ಹಸಿದ ಮೈಯಲ್ಲಿ ಹೆಣಗಬೇಡಿ. ಐದು ಕಡುಬು, ಜೊತೆಗೆ ಪಂಚಕಜ್ಜಾಯ ಇದ್ದರೆ ತುಂಬಿತು. ಪಂಚಕಜ್ಜಾಯದ ಕಡಲೆಬೇಳೆಯನ್ನು ಸಣ್ಣ ಉರಿಯಲ್ಲಿ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಮಳೆಗಾಲದಲ್ಲಿ ಬೆಲ್ಲ ನೀರೊಡೆಯುವುದರಿಂದ ಪೂಜೆಗೆ ಕೂರುವ ಮುನ್ನವಷ್ಟೇ ಕಲಸಿ. ಹಸಿಕಾಯಿ ಬೇಡ, ಒಣಕೊಬ್ಬರಿ ಇರಲಿ.

ಅರ್ಘ್ಯಕ್ಕೆ ನೀರು, ಸ್ವಲ್ಪ ಹಾಲು, ಗಂಧ, ಅಕ್ಷತೆ, ಹೂವು. ಅಂಗಳ ಜಾರುತ್ತದೆ, ಜಗಲಿಯಂಚಿನಿಂದಲೇ ಬಿಡಿ.

ಆಮೇಲಿನ ಊಟದಲ್ಲೇ ಹೆಚ್ಚು ಜನ ತಪ್ಪುವುದು. ಇಡೀ ದಿನ ಖಾಲಿಯಿದ್ದ ಹೊಟ್ಟೆಗೆ ರಾತ್ರಿ ಒಂಬತ್ತೂವರೆಗೆ ಕರಿದ ಹಪ್ಪಳ, ಸಂಡಿಗೆ, ಹುಳಿ ತುಂಬಿದರೆ ನಿದ್ದೆ ಹತ್ತದು. ಮೊದಲು ತೀರ್ಥ, ಅರ್ಧ ಕಡುಬು. ಹತ್ತು ನಿಮಿಷ ಬಿಟ್ಟು ಮೆತ್ತಗಿನ ಅನ್ನಕ್ಕೆ ತುಪ್ಪ, ಬೇಳೆಸಾರು, ಕೊನೆಗೆ ಮಜ್ಜಿಗೆ. ಉಂಡ ಕೂಡಲೇ ಮಲಗದೆ ಒಂದು ಗಂಟೆ ಕೂತಿರಿ.

ಸಕ್ಕರೆ ಕಾಯಿಲೆಗೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು, ಬಸುರಿಯರು ಡಾಕ್ಟರನ್ನು ಕೇಳದೆ ಹಿಡಿಯಲೇಬಾರದು. ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ತೀರಾ ಇಳಿಯಬಹುದು. ಕೈ ನಡುಗಿ, ಬೆವರು ಬಂದು, ಕಣ್ಣು ಮಂಜಾದರೆ ಚಂದ್ರೋದಯಕ್ಕೆ ಎಷ್ಟು ಹೊತ್ತಿದ್ದರೂ ತಕ್ಷಣ ಮೂರು ಚಮಚ ಸಕ್ಕರೆ ಹಾಕಿದ ನೀರು ಕುಡಿದು, ಆಮೇಲೆ ಏನಾದರೂ ತಿನ್ನಬೇಕು. ಪೂಜೆಯನ್ನು ಮನೆಯ ಇನ್ನೊಬ್ಬರು ಮುಂದುವರಿಸಲಿ.