ಕಾಲೇಜು ಸಂಚಿಕೆಯ ಮುಖಪುಟ ಮತ್ತು ಪರಿವಿಡಿ: ಕಟ್ಟುವ ಬಗೆ

ಬೀದರ್‌ನ ಕಾಲೇಜೊಂದು ವಾರ್ಷಿಕ ಸಂಚಿಕೆಗೆ ಸಿದ್ಧವಾಗುತ್ತಿದ್ದರೆ, ಸಂಪಾದಕ ಮಂಡಳಿ ಮುಖಪುಟವನ್ನೂ ಪರಿವಿಡಿಯನ್ನೂ ಒಟ್ಟಿಗೆ ಯೋಜಿಸಬೇಕು. ಮುಖಪುಟದಲ್ಲಿ ಕಂಡ ಶೀರ್ಷಿಕೆಯನ್ನು ಓದುಗರು ಮೊದಲು ಹುಡುಕುವುದು ಪರಿವಿಡಿಯಲ್ಲಿಯೇ.

ಮೊದಲು ಅಳತೆ ನಿಗದಿಪಡಿಸಿ. ಎ4 ಪುಟ 210 ಮಿ.ಮೀ. ಅಗಲ, 297 ಮಿ.ಮೀ. ಎತ್ತರ ಇರುತ್ತದೆ. ಅಂಚು ಕತ್ತರಿಸಿದಾಗ ಬಿಳಿ ಗೆರೆ ಉಳಿಯದಂತೆ ಚಿತ್ರವನ್ನು ನಾಲ್ಕೂ ಬದಿಗೆ 3 ಮಿ.ಮೀ. ಹೆಚ್ಚು ಚಾಚಿಸಬೇಕು. ಇಂಚಿಗೆ 300 ಚುಕ್ಕಿಗಳ ಲೆಕ್ಕದಲ್ಲಿ ಇದಕ್ಕೆ ಸುಮಾರು 2,550 × 3,580 ಪಿಕ್ಸೆಲ್‌ಗಳ ಚಿತ್ರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಕುಗ್ಗಿ ಬಂದ ಫೋಟೊ ಸಾಲದು.

ಚಿತ್ರದಲ್ಲಿ ಒಂದೇ ವಿಷಯವಿರಲಿ. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾದಲ್ಲಿ ಉಳಿದಿರುವ ಮಿನಾರು ಉದ್ದುದ್ದ ಪುಟಕ್ಕೆ ಚೆನ್ನಾಗಿ ಒಗ್ಗುತ್ತದೆ; ಪಕ್ಕದ ಖಾಲಿ ಆಕಾಶದಲ್ಲಿ ಶೀರ್ಷಿಕೆಗಳು ಕೂರುತ್ತವೆ. ಪತ್ರಿಕೆಯ ಹೆಸರನ್ನು ಮೇಲ್ಭಾಗದಲ್ಲಿ, ಪ್ರತಿವರ್ಷ ಒಂದೇ ಅಕ್ಷರ ಶೈಲಿಯಲ್ಲಿ ಇಡುವುದು ರೂಢಿ. ಅಂಗಡಿಯಲ್ಲಿ ಒಂದರ ಮೇಲೊಂದು ಜೋಡಿಸಿದ ಪತ್ರಿಕೆಗಳ ಮೇಲಂಚು ಮಾತ್ರ ಕಾಣುವುದರಿಂದ ಬಂದ ಪದ್ಧತಿ ಇದು. ಇಂಗ್ಲಿಷ್ ಪತ್ರಿಕೆಗಳಂತೆ ಚಿತ್ರದ ತುದಿಯಿಂದ ಹೆಸರನ್ನು ಮರೆಮಾಡುವಾಗ ಎಚ್ಚರ ಬೇಕು: ಕನ್ನಡದಲ್ಲಿ ತಲೆಕಟ್ಟು, ಗುಡಿಸುಗಳು ಮೇಲೆಯೂ ಒತ್ತಕ್ಷರಗಳು ಕೆಳಗೂ ಇರುವುದರಿಂದ ಸ್ವಲ್ಪ ಮುಚ್ಚಿದರೂ ಓದು ತಪ್ಪುತ್ತದೆ.

ಮೂರು-ನಾಲ್ಕು ಶೀರ್ಷಿಕೆಗಳು ಸಾಕು. ಕನ್ನಡದಲ್ಲಿ ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲದ ಕಾರಣ ಮುಖ್ಯ ಲೇಖನವನ್ನು ಗಾತ್ರ, ದಪ್ಪ, ಬಣ್ಣಗಳಿಂದಲೇ ಎತ್ತಿ ತೋರಿಸಬೇಕು. ಬಿದ್ರಿ ಹೂಜಿಯ ಚಿತ್ರ ಆಯ್ದರೆ ಕಪ್ಪು ಹಿನ್ನೆಲೆಯ ಮೇಲೆ ಸಣ್ಣ ಬೂದು ಅಕ್ಷರ ಬೇಡ. ನಾಲ್ಕು ಬಣ್ಣದ ಮುದ್ರಣದಲ್ಲಿ ಬಣ್ಣಗಳು ಕೂದಲೆಳೆ ಸರಿದರೂ ತೆಳು ಗೆರೆಗಳು ತುಂಬಿಹೋಗುತ್ತವೆ.

ಪರಿವಿಡಿ ಬಲಬದಿಯ ಪುಟದಲ್ಲಿದ್ದರೆ ಬೇಗ ಸಿಗುತ್ತದೆ. ಶೀರ್ಷಿಕೆ ದಪ್ಪವಾಗಿ, ಲೇಖಕರ ಹೆಸರು ತೆಳುವಾಗಿ ಇರಲಿ. ಪುಟಸಂಖ್ಯೆ ಶೀರ್ಷಿಕೆಗೆ ಹತ್ತಿರವಿದ್ದರೆ ನಡುವಿನ ಚುಕ್ಕಿಸಾಲೇ ಬೇಕಾಗುವುದಿಲ್ಲ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಷ್ಟು ಅಂತರ ಕೊಡಿ.

ಈ ಭಾಗದ ಸಂಚಿಕೆಗಳಲ್ಲಿ ನಿಜವಾದ ತೊಡಕು ಬಹುಭಾಷೆಯದು. ಕನ್ನಡ, ಹಿಂದಿ, ಮರಾಠಿ, ಇಂಗ್ಲಿಷ್ ವಿಭಾಗಗಳು ಎಡದಿಂದ ಬಲಕ್ಕೆ ಸಾಗಿದರೆ, ಉರ್ದು ವಿಭಾಗ ಬಲದಿಂದ ಎಡಕ್ಕೆ ಸಾಗುತ್ತದೆ. ಅದನ್ನು ನಡುವೆ ತುರುಕುವ ಬದಲು ಹಿಂಬದಿಯ ರಕ್ಷಾಪುಟದಿಂದ ಆರಂಭಿಸಿ, ಆ ರಕ್ಷಾಪುಟವನ್ನೇ ಉರ್ದು ಮುಖಪುಟವಾಗಿಸಿ, ಅದರ ಪರಿವಿಡಿಯನ್ನು ಅಲ್ಲಿಯೇ ಕೊಡುವುದು ಸೂಕ್ತ. ಆಗ ಪುಟಸಂಖ್ಯೆ 5 ಎರಡು ಕಡೆ ಬರುತ್ತದೆ. ಉರ್ದು ಅಂಕಿಗಳನ್ನು ಬಳಸಿದರೆ ಗೊಂದಲವಿಲ್ಲ. ಕನ್ನಡ ಪರಿವಿಡಿಯ ಕೊನೆಗೆ ‘ಉರ್ದು ವಿಭಾಗ ಹಿಂಬದಿಯಿಂದ’ ಎಂಬ ಸಾಲನ್ನು ಮರೆಯದೆ ಸೇರಿಸಿ. ಜಾಹೀರಾತು ಪುಟಗಳನ್ನು ಈ ಎರಡು ವಿಭಾಗಗಳು ಸಂಧಿಸುವಲ್ಲಿ ಇಟ್ಟರೆ ಇಬ್ಬರಿಗೂ ಅಡ್ಡಿಯಾಗದು.

ಪಿನ್ ಹೊಡೆದು ಕಟ್ಟುವ ಸಂಚಿಕೆಯ ಒಟ್ಟು ಪುಟಗಳು ನಾಲ್ಕರಿಂದ ಭಾಗವಾಗಬೇಕು. ಕೊನೆಯ ಜಾಹೀರಾತು ಸೇರಿದ ಬಳಿಕವೇ ಪುಟಸಂಖ್ಯೆಗಳನ್ನು ತುಂಬಿ, ಒಬ್ಬರು ಪರಿವಿಡಿಯನ್ನು ಗಟ್ಟಿಯಾಗಿ ಓದುತ್ತಿರುವಾಗ ಮತ್ತೊಬ್ಬರು ಪುಟ ತಿರುವಿ ನೋಡಲಿ. ಮುಖಪುಟದ ಶೀರ್ಷಿಕೆಗಳನ್ನೂ ಇದೇ ಸರದಿಯಲ್ಲಿ ಪದಪದವಾಗಿ ತಾಳೆ ನೋಡಿ ಕಡತವನ್ನು ಮುದ್ರಣಾಲಯಕ್ಕೆ ಕಳುಹಿಸಿ.