ಹೂಳಿನ ಕತೆ ನಿಂತಿತು, ಮಂಗಳದ ಕತೆ ಬಿತ್ತು

ನನ್ನ ಮೊದಲ ವೈಜ್ಞಾನಿಕ ಕಥಾಸಂಕಲನ ಅಚ್ಚಾಗಿ ವರ್ಷದ ಮೇಲೆ, ಎರಡನೇ ಮುದ್ರಣಕ್ಕೆ ತಿದ್ದಲೆಂದು ಒಂಬತ್ತೂ ಕತೆಗಳನ್ನು ಅವ್ವನ ಮುಂದೆ ಗಟ್ಟಿಯಾಗಿ ಓದಿದೆ. ಕಣ್ಣಿಗೆ ತಪ್ಪಿಸಿಕೊಂಡದ್ದೆಲ್ಲ ನಾಲಿಗೆಗೆ ಸಿಕ್ಕಿಬಿತ್ತು.

ಅಲುಗದೆ ನಿಂತದ್ದು ಹೂಳಿನ ಕತೆ. ನಮ್ಮೂರು ಕೊಪ್ಪಳ ಜಿಲ್ಲೆಯಲ್ಲಿ, ಹಿನ್ನೀರಿನ ದಂಡೆಗೆ. ತುಂಗಭದ್ರಾ ಡ್ಯಾಮು ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಹೀಗೇ ತುಂಬುತ್ತಾ ಹೋಗಿ, ಮುಳುಗಡೆಯಾದ ಊರುಗಳ ಮೇಲೆ ಮತ್ತೆ ನೆಲ ಎದ್ದರೆ ಅದು ಯಾರದು? ಕತೆಯ ಹುಡುಗಿ ಮುತ್ತಜ್ಜನ ಕಾಲದ ಪಹಣಿ ಹಿಡಿದು ತಹಶೀಲ್ದಾರ್ ಕಚೇರಿ ಮುಂದೆ ನಿಲ್ಲುತ್ತಾಳೆ. ಅತ್ತ ಕಾಲುವೆಯ ತುದಿಯಲ್ಲಿ ಒಬ್ಬ ರೈತನ ಗದ್ದೆ ಒಣಗಿರುತ್ತದೆ. ಲೋಕದಲ್ಲಿ ಬದಲಾದದ್ದು ಒಂದೇ, ಮಿಕ್ಕದ್ದೆಲ್ಲ ನಾನು ಓಡಾಡಿದ ನೆಲ. ಕತೆಗೆ ಬಲ ಬಂದದ್ದು ಅಲ್ಲಿಂದ.

ಆದರೂ ಅವ್ವ ಒಂದು ಕೊರತೆ ಹಿಡಿದಳು: "ಹೂಳಂದ್ರ ಬರೇ ಕೆಸರಲ್ಲೋ ತಮ್ಮಾ. ಬ್ಯಾಸಿಗ್ಯಾಗ ನೀರು ಇಳಿದ ಮ್ಯಾಲ ಬಿರುಕು ಬಿಡತೈತಿ. ದನದ ಕಾಲು ಸಿಕ್ಕರ ಮುರಿತೈತಿ." ಹುಡುಗಿ ತನ್ನೂರನ್ನು ಹುಡುಕುತ್ತಾ ನಡೆಯುವ ಪುಟಕ್ಕೆ ಆ ಬಿರುಕು ಬಂತು. 2024ರ ಆಗಸ್ಟಿನಲ್ಲಿ ಡ್ಯಾಮಿನ 19ನೇ ಗೇಟು ಕೊಚ್ಚಿಹೋಗಿತ್ತಲ್ಲ, ಅದನ್ನೂ ಸೇರಿಸು ಎಂದು ಗೆಳೆಯರು ಹೇಳಿದರು. ಸೇರಿಸಲಿಲ್ಲ. ಇನ್ನೊಂದು ಅನಾಹುತ ಹೊಕ್ಕರೆ ಹುಡುಗಿಯ ಕೈಯಲ್ಲಿನ ಪಹಣಿ ಮರೆಯಾಗುತ್ತಿತ್ತು.

ರೋಬೋ ಕತೆಯಲ್ಲಿ ಇಬ್ಬರು ವಿಜ್ಞಾನಿಗಳು ತಮಗೆ ಗೊತ್ತಿದ್ದದ್ದನ್ನೇ ಒಬ್ಬರಿಗೊಬ್ಬರು ಮೂರು ಪುಟ ವಿವರಿಸುತ್ತಾರೆ. ಓದುತ್ತಿದ್ದಂತೆ ಅವ್ವ ಎದ್ದು ಒಲೆ ನೋಡಲು ಹೋದಳು. ಮೂರೂ ಪುಟ ಕಿತ್ತೆ. ನಾಲ್ಕು ಕತೆಗಳು 'ಹೇಳುತ್ತಿದ್ದವನೇ ಯಂತ್ರ' ಎಂಬ ಒಂದೇ ತಿರುವಿನಲ್ಲಿ ಮುಗಿಯುತ್ತಿದ್ದವು. ಒಂದರಲ್ಲಿ ಮಾತ್ರ ಉಳಿಸಿದೆ.

ಪೂರಾ ಕುಸಿದದ್ದು ಮಂಗಳ ಗ್ರಹದ ಕತೆ. ಅದರಲ್ಲಿ ಮಗ ಅಲ್ಲಿಂದ ತಾಯಿಯ ಜೊತೆ ಫೋನಿನಲ್ಲಿ ಹರಟುತ್ತಿದ್ದ. ಸಂಕೇತ ಒಂದು ಕಡೆಯಿಂದ ಇನ್ನೊಂದು ಕಡೆ ಸೇರಲು ಗ್ರಹಗಳು ಹತ್ತಿರವಿದ್ದಾಗ ಸುಮಾರು 3 ನಿಮಿಷ, ತೀರಾ ದೂರವಾದಾಗ 22 ನಿಮಿಷ ಬೇಕು. ಓದುಗರೊಬ್ಬರು ಪತ್ರ ಬರೆದು ತೋರಿಸಿದರು. ನನಗೆ ಗೊತ್ತಿದ್ದ ಸಂಗತಿಯೇ. ಸಂಭಾಷಣೆ ಸಲೀಸಾಗಿ ಹರಿಯಲಿ ಎಂದು ಬದಿಗಿಟ್ಟಿದ್ದೆ. ಹಾಗೆ ಮಾಡಿ ಕತೆಯ ಜೀವವನ್ನೇ ಬದಿಗಿಟ್ಟಿದ್ದೆ.

ಮೊದಲಿನಿಂದ ಬರೆದೆ. ಈಗ ತಾಯಿ "ಉಂಡೇನೋ ತಮ್ಮಾ?" ಎಂದು ಕೇಳಿ ರೊಟ್ಟಿ ಬಡಿಯಲು ಕೂರುತ್ತಾಳೆ. "ಉಂಡೆ ಯವ್ವಾ" ಎನ್ನುವ ದನಿ ಬರುವಷ್ಟರಲ್ಲಿ ಹಿಟ್ಟು ಮುಗಿದು, ಒಲೆ ಆರಿರುತ್ತದೆ.