ದೊಡ್ಡ ನೆರೆಯವರ ಹಣದಲ್ಲಿ ಅಣೆಕಟ್ಟು, ವಿಮಾನ ನಿಲ್ದಾಣ: ಸಣ್ಣ ದೇಶ ಒಪ್ಪಂದಕ್ಕೆ ಕೂರುವುದು ಹೇಗೆ?

ಹದಿನೆಂಟನೆಯ ಶತಮಾನದಲ್ಲಿ ನೇಪಾಳವನ್ನು ಒಗ್ಗೂಡಿಸಿದ ಪೃಥ್ವಿನಾರಾಯಣ ಶಾಹ, ತನ್ನ ರಾಜ್ಯವು ಎರಡು ಬಂಡೆಗಳ ನಡುವಿನ ಗೆಡ್ಡೆಯಂತೆ ಎಂದಿದ್ದನೆಂಬುದು ಅಲ್ಲಿ ಮನೆಮಾತು. ಇಂದು ಭಾರತ, ಚೀನಾಗಳೆಂಬ ಆ ಬಂಡೆಗಳೇ ಸಾಲವನ್ನೂ ಕೊಡುತ್ತವೆ. ಹೀಗಿರುವಾಗ ಒಪ್ಪಂದಕ್ಕೆ ಕೂರುವ ಕ್ರಮ ಹೇಗಿರಬೇಕು ಎಂಬುದನ್ನು ನೇಪಾಳದ ಅನುಭವದಿಂದಲೇ ನೋಡಬಹುದು.

ಮೊದಲನೆಯದಾಗಿ, ಹಣ ಕೊಡುವವರನ್ನು ಹುಡುಕುವುದಕ್ಕಿಂತ ಮುಂಚೆ ಸರಕು ಕೊಳ್ಳುವವರು ಯಾರೆಂದು ಗೊತ್ತುಮಾಡಿಕೊಳ್ಳಬೇಕು. ನೇಪಾಳದ ಹೆಚ್ಚುವರಿ ಜಲವಿದ್ಯುತ್ತಿಗೆ ದೊಡ್ಡ ಮಾರುಕಟ್ಟೆಯೆಂದರೆ ಭಾರತ. ಆದರೆ ಚೀನಾದ ಬಂಡವಾಳವಿರುವ ಸ್ಥಾವರಗಳ ವಿದ್ಯುತ್ತನ್ನು ಭಾರತ ಕೊಳ್ಳುವುದಿಲ್ಲ. ಚೀನಾದ ಕಂಪನಿಯೊಂದು 2018ರಲ್ಲಿ ಕೈಬಿಟ್ಟ ಪಶ್ಚಿಮ ಸೇತಿ ಯೋಜನೆಯು 2022ರಲ್ಲಿ ಭಾರತದ ಸರ್ಕಾರಿ ಜಲವಿದ್ಯುತ್ ಕಂಪನಿ ಎನ್‌ಎಚ್‌ಪಿಸಿಯ ಪಾಲಾದುದರ ಹಿಂದೆ ಈ ಲೆಕ್ಕಾಚಾರವೂ ಇದೆ. 2024ರ ಜನವರಿಯಲ್ಲಿ, ಹತ್ತು ವರ್ಷಗಳಲ್ಲಿ 10,000 ಮೆಗಾವ್ಯಾಟ್‌ವರೆಗೆ ವಿದ್ಯುತ್ತನ್ನು ಭಾರತಕ್ಕೆ ಮಾರಾಟ ಮಾಡುವ ಒಪ್ಪಂದ ಕುದುರಿತು. ಒಬ್ಬನೇ ಗಿರಾಕಿಯನ್ನು ನಂಬಿದರೆ ಬೆಲೆ ಹೇಳುವವನೂ ಅವನೇ ಆಗುತ್ತಾನೆ ಎಂಬ ಅಪಾಯ ಇಲ್ಲಿ ಇದ್ದೇ ಇದೆ. ನೇಪಾಳದ ಪೋಖರಾ ನಗರದಲ್ಲಿ ಮಾತ್ರ, ಕೊಳ್ಳುವವರು ಯಾರೆಂಬ ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಕಟ್ಟಡ ಎದ್ದಿತು. ಚೀನಾದ ಎಕ್ಸಿಮ್ ಬ್ಯಾಂಕಿನಿಂದ 20 ಕೋಟಿ ಡಾಲರ್‌ಗೂ ಹೆಚ್ಚು ಸಾಲ ತಂದು ಕಟ್ಟಿದ ಅಲ್ಲಿನ ಅಂತರರಾಷ್ಟ್ರೀಯ ವಿಮಾನ ನಿಲ್ದಾಣವು 2023ರ ಜನವರಿ 1ರಂದು ತೆರೆಯಿತಾದರೂ, ಅಂದುಕೊಂಡಷ್ಟು ವಿದೇಶಿ ವಿಮಾನಗಳು ಬರಲಿಲ್ಲ. ಸಾಲದ ಕಂತಿಗೆ ಆದಾಯ ಎಲ್ಲಿಂದ ಎಂಬ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ.

ಎರಡನೆಯ ಹೆಜ್ಜೆ, ಯೋಜನೆಯ ಗಾತ್ರವನ್ನು ಇಳಿಸಲು ನಾಚದಿರುವುದು. ಮ್ಯಾನ್ಮಾರ್ ತನ್ನ ಚಾಕ್‌ಪ್ಯೂ ಬಂದರಿನ ಸುಮಾರು 730 ಕೋಟಿ ಡಾಲರ್‌ ಯೋಜನೆಯ ಬಗ್ಗೆ ಚೀನಾದೊಂದಿಗೆ ಮರುಮಾತುಕತೆ ನಡೆಸಿ, 2018ರಲ್ಲಿ ಮೊದಲ ಹಂತವನ್ನು 130 ಕೋಟಿ ಡಾಲರ್‌ಗೆ ಇಳಿಸಿಕೊಂಡಿತು.

ಮೂರನೆಯದು, ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು: ಒಪ್ಪಂದವನ್ನು ಸಂಸತ್ತಿನ ಮುಂದಿಡುವುದು. ವಿದ್ಯುತ್ ಪ್ರಸರಣ ಮಾರ್ಗ ಮತ್ತು ರಸ್ತೆಗಳಿಗಾಗಿ ಅಮೆರಿಕ ಸರ್ಕಾರದ ನೆರವು ಸಂಸ್ಥೆಯಾದ ಎಂಸಿಸಿ (ಮಿಲೇನಿಯಂ ಚಾಲೆಂಜ್ ಕಾರ್ಪೊರೇಷನ್) 50 ಕೋಟಿ ಡಾಲರ್ ಅನುದಾನ ನೀಡುವ ಒಪ್ಪಂದಕ್ಕೆ ನೇಪಾಳ 2017ರಲ್ಲೇ ಸಹಿ ಹಾಕಿತ್ತು. ಇದು ಸೇನಾ ಕೂಟಕ್ಕೆ ಸೇರಿಸುವ ಹುನ್ನಾರವೆಂದು ಬೀದಿಯಲ್ಲಿ ಪ್ರತಿಭಟನೆಗಳು ನಡೆದವು. ಕೊನೆಗೆ 2022ರ ಫೆಬ್ರುವರಿ 27ರಂದು, ತಾನು ಅಮೆರಿಕದ ಯಾವುದೇ ಸೇನಾ ಮೈತ್ರಿಗೆ ಸೇರುವುದಿಲ್ಲ ಮತ್ತು ಒಪ್ಪಂದಕ್ಕಿಂತ ತನ್ನ ಸಂವಿಧಾನವೇ ಮೇಲು ಎಂದು ಸಾರುವ ವ್ಯಾಖ್ಯಾನ ಘೋಷಣೆಯ ಜೊತೆಗೆ ಸಂಸತ್ತು ಅದನ್ನು ಅನುಮೋದಿಸಿತು. ನಾಲ್ಕೂವರೆ ವರ್ಷ ತಡವಾಯಿತು, ನಿಜ. ಆದರೆ ‘ನಮ್ಮ ಸಂಸತ್ತು ಒಪ್ಪುವುದಿಲ್ಲ’ ಎನ್ನಬಲ್ಲ ಸರ್ಕಾರಕ್ಕೆ ಮಾತುಕತೆಯ ಮೇಜಿನಲ್ಲಿ ಬೇರೆಯೇ ಬಲ ಬರುತ್ತದೆ.

ಕೊನೆಯದಾಗಿ, ಹಣದ ಹೆಸರನ್ನು ಓದಬೇಕು: ಅದು ಸಾಲವೋ, ಅನುದಾನವೋ ಎಂದು. ಶ್ರೀಲಂಕಾ 2007ರಲ್ಲಿ ಹಂಬನ್‌ತೋಟ ಬಂದರಿಗಾಗಿ ಚೀನಾದಿಂದ ಶೇ 6.3ರ ಬಡ್ಡಿಗೆ ಸಾಲ ತಂದಿತು. 2017ರಲ್ಲಿ ಬಂದರನ್ನು ಚೀನಾದ ಕಂಪನಿಗೆ 99 ವರ್ಷಗಳ ಗುತ್ತಿಗೆಗೆ ಕೊಟ್ಟು 112 ಕೋಟಿ ಡಾಲರ್ ಪಡೆದಾಗಲೂ ಆ ಹಣ ವಿದೇಶಿ ವಿನಿಮಯ ಸಂಗ್ರಹಕ್ಕೆ ಹೋಯಿತೇ ಹೊರತು ಬಂದರಿನ ಸಾಲ ತೀರಲಿಲ್ಲ. ಈ ಪಾಠ ಕಠ್ಮಂಡುವಿಗೆ ತಿಳಿದಿತ್ತು. 2024ರ ಡಿಸೆಂಬರ್‌ನಲ್ಲಿ ಚೀನಾದ ಮೂಲಸೌಕರ್ಯ ಯೋಜನೆಯಾದ ಬೆಲ್ಟ್ ಅಂಡ್ ರೋಡ್‌ನ ಚೌಕಟ್ಟಿಗೆ ಸಹಿ ಹಾಕುವಾಗ ನೇಪಾಳ ‘ಅನುದಾನ’ ಎಂಬ ಪದವನ್ನು ಬಯಸಿತ್ತು. ಅಂತಿಮ ಪಠ್ಯದಲ್ಲಿ ಬಂದದ್ದು ‘ನೆರವು’. ನೆರವಿನೊಳಗೆ ಸಾಲವೂ ಅಡಗಬಹುದಾದ್ದರಿಂದ, ಯಾವ ಯೋಜನೆಗೆ ಯಾವ ಬಗೆಯ ಹಣವೆಂಬುದನ್ನು ಒಂದೊಂದಾಗಿ ಕೂತು ಮಾತಾಡುವ ಕೆಲಸ ಹಾಗೆಯೇ ಉಳಿಯಿತು.